ಕಲ್ಲು ಬೀಳಬೇಕಾಗಿದ್ದ ಶುಕ್ರವಾರ

ಕಳೆದ ತಿಂಗಳು ಪುತ್ತೂರಿನಲ್ಲಿ ಒಂದು ಮದುವೆ ಮುಗಿಸಿ ಬರುವಾಗ ತಮ್ಮ ಶೇಖರ ಕಲ್ಲಡ್ಕದಲ್ಲಿ ಕಾರು ನಿಲ್ಲಿಸಿದ. ಚಹಾ ಕುಡಿಯದೆ ಅವನಿಗೆ ಆ ಪೇಟೆ ದಾಟಲು ಆಗುವುದಿಲ್ಲ. ಹೋಟೆಲಿನ ಗೋಡೆಯ ಟಿವಿಯಲ್ಲಿ ಉರಿಯುವ ಬಂಡೆಯೊಂದು ಭೂಮಿಯ ಕಡೆ ನುಗ್ಗುತ್ತಿತ್ತು. ಹಿಂದಿನಿಂದ ಆಂಬುಲೆನ್ಸಿನ ಹಾಗೆ ಸದ್ದು, ಕೆಳಗೆ ಕೆಂಪು ಪಟ್ಟಿಯಲ್ಲಿ ಗಂಡಾಂತರ, ಮಹಾಗಂಡಾಂತರ ಎಂದು ಓಡುವ ಅಕ್ಷರಗಳು. ತಟ್ಟೆ ಹಿಡಿದ ಸಪ್ಲೈಯರ್ ಅಲ್ಲಿಯೇ ನಿಂತುಬಿಟ್ಟಿದ್ದ. ಪಕ್ಕದ ಮೇಜಿನ ಹೆಂಗಸು ಮಗುವನ್ನು ತೊಡೆಗೆ ಎಳೆದುಕೊಂಡಳು.

"ಎಷ್ಟು ದೂರದಿಂದ ಹೋಗ್ತದಂತೆ ಅದು?" ಎಂದು ಗಲ್ಲಾದಲ್ಲಿ ಕೂತಿದ್ದವನನ್ನು ಕೇಳಿದೆ.

"ಅದು ಹೇಳ್ಲಿಲ್ಲ ಅಮ್ಮ. ಬ್ರೇಕ್ ಆದ ಮೇಲೆ ಹೇಳ್ತಾರಂತೆ."

ಬ್ರೇಕ್ ಆಯಿತು. ಸೋಪು, ಬನಿಯನ್ನು, ಚಿನ್ನದಂಗಡಿ ಎಲ್ಲ ಬಂದುಹೋದವು. ಮತ್ತೆ ಬಂಡೆ ಬಂತು, ಮತ್ತೆ ಸದ್ದು ಬಂತು, ದೂರ ಮಾತ್ರ ಬರಲಿಲ್ಲ. ನಮ್ಮ ಚಹಾ ಮುಗಿಯಿತು. ಶೇಖರ ಕಾರು ತಲುಪುವವರೆಗೂ ನಗುತ್ತಿದ್ದ. ನನಗೆ ನಗು ಬರಲಿಲ್ಲ.

ಯಾರು ಏನು ಹೇಳಿದರೂ ನನಗೆ ಮೊದಲು ಬರುವುದು ಅನುಮಾನ. ಹಾಲಿನವನು ಇವತ್ತಿನ ಹಾಲು ಎಂದರೆ ಮೂಸಿ ನೋಡುತ್ತೇನೆ. ಬೆಳ್ತಂಗಡಿ ಕಡೆಯ ಹಳ್ಳಿಗಳಲ್ಲಿ ದಾದಿಯಾಗಿ ತಿರುಗುತ್ತಿದ್ದಾಗ, ನೆರಿಯದಂಥ ಊರುಗಳ ಕಾಡಿನ ಅಂಚಿನ ಮನೆಗಳಿಗೆ ನಡೆದು ಹೋಗಿ, "ನೋವು ಈಗ ಶುರುವಾಯ್ತು" ಎಂದು ಅತ್ತೆ ಹೇಳಿದರೆ ಸೊಸೆಯನ್ನು ಬೇರೆಯಾಗಿ ಕೇಳುತ್ತಿದ್ದೆ. "ವಾರಿಜ ಸಿಸ್ಟರಿಗೆ ದೇವರು ಬಂದು ಹೇಳಿದ್ರೂ ಸಾಕ್ಷಿ ಬೇಕು" ಎಂದು ಜೊತೆಯವರು ತಮಾಷೆ ಮಾಡುವುದಿತ್ತು. ಮಾಡಲಿ. ಈ ಗುಣ ನನಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಬಂದದ್ದು 1968ರ ಜೂನ್ ತಿಂಗಳಲ್ಲಿ, ಪುಂಜಾಲಕಟ್ಟೆಯಲ್ಲಿ, ನನಗೆ ಹದಿನೆಂಟು ತುಂಬಿದ ವರ್ಷ.

ಅಪ್ಪ ಅಲ್ಲಿ ಪ್ರಾಥಮಿಕ ಶಾಲೆಯ ಮಾಸ್ಟ್ರು. ವಾಸು ಮಾಸ್ಟ್ರು ಎಂದರೆ ಆ ಕಡೆ ಎಲ್ಲರಿಗೂ ಗೊತ್ತು. ಶಾಲೆಯ ಕೆಲಸ ಬಿಟ್ಟರೆ ಅವರಿಗೆ ಇನ್ನೊಂದು ಕೆಲಸವಿತ್ತು. ಸಂಜೆ ನಾಲ್ಕೂವರೆಗೆ ಬಂಟ್ವಾಳದ ಕಡೆಯಿಂದ ಬರುವ ಬಸ್ಸಿನಲ್ಲಿ ಪೇಪರಿನ ಕಟ್ಟು ಬಂದು ಬೀಳುತ್ತಿತ್ತು. ಕಟ್ಟೆಯ ಹತ್ತಿರದ ಹಸನಬ್ಬ ಬ್ಯಾರಿಗಳ ಜಿನಸಿನ ಅಂಗಡಿಯ ಜಗಲಿಯಲ್ಲಿ ಕೂತು ಅಪ್ಪ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಮೊದಲು ಅಚ್ಚಾದ ಕನ್ನಡದಲ್ಲಿ ಒಂದು ವಾಕ್ಯ, ಆಮೇಲೆ ತುಳುವಿನಲ್ಲಿ ಅದರ ಅರ್ಥ. ಮನೆಯಲ್ಲಿ ಕಟ್ಟಿದ ಬೀಡಿ ಕೊಡಲು ಬಂದ ಹೆಂಗಸರು, ಗದ್ದೆಯಿಂದ ಬಂದವರು, ಬಸ್ಸಿಗೆ ಕಾಯುವವರು ಹತ್ತಿಪ್ಪತ್ತು ಮಂದಿ ಸುತ್ತ ನಿಂತಿರುತ್ತಿದ್ದರು. ನಡುನಡುವೆ ಯಾರಾದರೂ ಪ್ರಶ್ನೆ ಕೇಳುವರು. ಓದುವ ಜಾಗ ತಪ್ಪಿಹೋಗಬಾರದೆಂದು ಅಪ್ಪ ಒಂದೊಂದು ಸುದ್ದಿ ಮುಗಿದ ಹಾಗೆ ಅದರ ಪಕ್ಕದಲ್ಲಿ ಕೆಂಪು ಪೆನ್ಸಿಲಿನಿಂದ ಸರಿ ಗುರುತು ಹಾಕುತ್ತಿದ್ದರು, ಮಕ್ಕಳ ಕಾಪಿ ಪುಸ್ತಕಕ್ಕೆ ಹಾಕುವ ಹಾಗೆಯೇ.

ನಮ್ಮ ಕಡೆಯವರ ಒಂದು ನಂಬಿಕೆಯನ್ನು ಇಲ್ಲಿ ಹೇಳಲೇಬೇಕು. ನಮಗೆ ಮನೆಯ ಮಾತು ತುಳು. ಜಗಳ, ಚಾಡಿ, ವ್ಯಾಪಾರದ ಸುಳ್ಳು, ಮಕ್ಕಳನ್ನು ಹೆದರಿಸುವ ಕಥೆ ಎಲ್ಲವೂ ತುಳುವಿನಲ್ಲಿ. ಕನ್ನಡ ಬರುವುದು ಶಾಲೆಯಿಂದ, ಕೋರ್ಟಿನಿಂದ, ತಾಲೂಕು ಕಚೇರಿಯಿಂದ. ಆದ್ದರಿಂದ ಕನ್ನಡದಲ್ಲಿ ಸುಳ್ಳು ಹೇಳಲು ಸಾಧ್ಯವೆಂದು ಜಗಲಿಯಲ್ಲಿ ನಿಂತವರಿಗೆ ತೋಚುತ್ತಲೇ ಇರಲಿಲ್ಲ. ತುಳುವಿನಲ್ಲಿ ಕೇಳಿದ ಸುದ್ದಿಗೆ "ಹೌದಾ?" ಎನ್ನುವವರು ಅದೇ ಸುದ್ದಿ ಕನ್ನಡದಲ್ಲಿ ಅಚ್ಚಾಗಿ ಬಂದರೆ ಎದ್ದು ನಿಂತು ಕೇಳುತ್ತಿದ್ದರು. ನಾನೂ ಹಾಗೆಯೇ ಇದ್ದೆ.

ಅಪ್ಪ ಮಾತ್ರ ಹಾಗಲ್ಲವೆಂದು ತಿಳಿದಿದ್ದೆ. ಆರು ವರ್ಷ ಹಿಂದೆ ಅಷ್ಟಗ್ರಹ ಕೂಟವೆಂದು ದೇಶವೆಲ್ಲ ನಡುಗಿದಾಗ ಊರಿನವರು ಹೋಮ, ಭಜನೆ ಎಂದು ಓಡಾಡಿದರು. ಅಪ್ಪ ಶಾಲೆಯ ಕಪ್ಪು ಹಲಗೆಯ ಮೇಲೆ ಎಂಟು ಗ್ರಹಗಳನ್ನು ಬರೆದು, ಊರಿನವರನ್ನೆಲ್ಲ ಕೂರಿಸಿ, ಹೆದರುವುದಕ್ಕೆ ಏನೂ ಇಲ್ಲವೆಂದು ಎರಡು ಗಂಟೆ ಪಾಠ ಮಾಡಿದ್ದರು. ನನಗೆ ಆಗ ಹನ್ನೆರಡು. ನನ್ನ ಅಪ್ಪನಷ್ಟು ಧೈರ್ಯದವರು ಈ ಭೂಮಿಯಲ್ಲಿ ಯಾರೂ ಇಲ್ಲವೆಂದು ಹೆಮ್ಮೆಯಾಗಿತ್ತು.

ಹೆಣ್ಣುಮಕ್ಕಳು ಓದಬೇಕು, ಕೆಲಸಕ್ಕೆ ಹೋಗಬೇಕು ಎಂದು ಅದೇ ಜಗಲಿಯಲ್ಲಿ ಕೂತು ಹೇಳುತ್ತಿದ್ದವರೂ ಅವರೇ. ಹೇಳಿದ ಹಾಗೆ ನನ್ನನ್ನು ಬಂಟ್ವಾಳದ ಹೈಸ್ಕೂಲಿಗೆ ಕಳಿಸಿದರು. ಎಸ್ಸೆಸ್ಸೆಲ್ಸಿ ಪಾಸಾದೆ. ವಯಸ್ಸು ಸಾಲದೆಂದು ಒಂದು ವರ್ಷ ಮನೆಯಲ್ಲಿ ಅಮ್ಮನ ಜೊತೆ ಬೀಡಿ ಕಟ್ಟಿದೆ. ಆ ವರ್ಷದ ಮೇ ತಿಂಗಳಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಸಂದರ್ಶನಕ್ಕೆ ಹೋದೆ. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ ಸೆವ್ರಿನ್ ಕೂಡ ಬಂದಿದ್ದಳು. ಅವಳ ಮನೆಯವರು ಆಗ ಮೂಡಬಿದ್ರೆಗೆ ಹೋಗಿ ನೆಲೆಸಿದ್ದರು. ಇಬ್ಬರಿಗೂ ಕಾರ್ಡು ಬಂತು. ಮೂರು ವರ್ಷದ ಕೋರ್ಸು, ಊಟ, ವಸತಿ ಎಲ್ಲ ಅಲ್ಲಿಯೇ. ಜೂನ್ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆಯ ಒಳಗೆ ಹಾಜರಾಗಬೇಕು, ತಪ್ಪಿದರೆ ಸೀಟು ಬೇರೆಯವರಿಗೆ ಎಂದು ಕಾರ್ಡಿನಲ್ಲಿ ಬರೆದಿತ್ತು. ಅಮ್ಮ ತನ್ನ ಮದುವೆಯ ಟ್ರಂಕನ್ನು ಅಟ್ಟದಿಂದ ಇಳಿಸಿ ಬೂದಿ ಹಾಕಿ ಉಜ್ಜಿದಳು.

ಮೇ ತಿಂಗಳ ಕೊನೆಯ ಒಂದು ಸಂಜೆ ಪೇಪರಿನ ಮುಖಪುಟದಲ್ಲಿ ಆ ಕಲ್ಲು ಬಂತು. ಇಕಾರಸ್ ಎಂದು ಅದರ ಹೆಸರು. ಆಕಾಶದಲ್ಲಿ ತಿರುಗುವ ಒಂದು ಮೈಲು ಅಗಲದ ಬಂಡೆ. ಜೂನ್ ಹದಿನಾಲ್ಕು ಹದಿನೈದಕ್ಕೆ ಭೂಮಿಯ ಅತಿ ಸಮೀಪ ಬರುತ್ತದಂತೆ. ಡಿಕ್ಕಿ ಹೊಡೆದರೆ ಇಂತಿಷ್ಟು ಬಾಂಬುಗಳಿಗೆ ಸಮ, ಸಮುದ್ರದಲ್ಲಿ ಬಿದ್ದರೆ ಕರಾವಳಿಯೆಲ್ಲ ನೀರಿನಲ್ಲಿ. ಅಪ್ಪ ಓದಿದರು. ಸಮುದ್ರ ಎಂಬ ಮಾತು ಬಂದಾಗ ಸುತ್ತ ನಿಂತವರು ಇನ್ನಷ್ಟು ಹತ್ತಿರ ಸರಿದರು. ಅತಿ ಸಮೀಪವೆಂದರೆ ಎಷ್ಟು ಎಂದು ಪೇಪರಿನವನು ಬರೆದಿರಲಿಲ್ಲ, ನಾವೂ ಕೇಳಲಿಲ್ಲ.

ಮರುದಿನದಿಂದ ಪೇಪರಿನ ಕಟ್ಟು ದಪ್ಪವಾಯಿತು. ಓದಲು ಬಾರದವರೂ ಒಂದು ಪ್ರತಿ ಕೊಂಡು ಮನೆಗೆ ಒಯ್ಯುತ್ತಿದ್ದರು. ದಿನಕ್ಕೊಂದು ತಲೆಬರಹ. ಒಂದು ದಿನ ಯಾವುದೋ ದೇಶದಲ್ಲಿ ಜನ ಬೆಟ್ಟ ಹತ್ತಿ ಕೂತಿದ್ದಾರೆಂದು, ಇನ್ನೊಂದು ದಿನ ವಿಜ್ಞಾನಿಗಳು ರಾಕೆಟ್ ಹೊಡೆದು ಅದನ್ನು ಒಡೆಯಲು ಲೆಕ್ಕ ಹಾಕಿದ್ದಾರೆಂದು. ಅಷ್ಟಗ್ರಹದ ಕಾಲದಲ್ಲಿ ಹೆದರಿದವರು ಓದದವರು, ನಕ್ಕವರು ಓದಿದವರು. ಈ ಸಲ ತಿರುಗಾಮುರುಗ. ವಿಜ್ಞಾನಿ ಎಂಬ ಪದ ನೋಡಿದ್ದೇ ತಡ, ಓದಿದವರೆಲ್ಲ ಮುಖ ಗಂಟು ಹಾಕಿದರು. ಊರಿನ ಪೋಸ್ಟ್ ಮಾಸ್ಟರು ರಜೆ ಹಾಕಿ ಹೆಂಡತಿಯ ಮನೆಗೆ ಹೋದರು. ಅಮ್ಮನಿಗೆ ಅಕ್ಷರ ಬಾರದು. ಅವಳು ಬೀಡಿ ಎಲೆ ಕತ್ತರಿಸುತ್ತಾ, "ಹೋದ ಸಲ ಎಂಟು ಗ್ರಹ, ಈ ಸಲ ಒಂದು ಕಲ್ಲು. ಕಡಿಮೆ ಆಗ್ತಾ ಬರ್ತದಲ್ಲ, ಒಳ್ಳೆದೇ ಆಯ್ತು" ಎಂದಳು.

ಹಸನಬ್ಬ ಬ್ಯಾರಿಗಳೂ ನಂಬಲಿಲ್ಲ. "ಕಿಯಾಮತ್, ಲೋಕದ ಕೊನೇ ದಿನ, ಯಾವಾಗ ಅಂತ ಅದನ್ನು ಹುಟ್ಟಿಸಿದವನಿಗೆ ಮಾತ್ರ ಗೊತ್ತುಂಟು ಮಾಸ್ಟ್ರೇ. ಪೇಪರಿನವರಿಗೆ ಹೇಳಿ ಬರುದಿಲ್ಲ ಅದು" ಎಂದು ಅಂಗಡಿಯ ಒಳಗಿನಿಂದಲೇ ಹೇಳಿದರು. ಆದರೆ ಪೇಪರಿನ ಏಜೆಂಟರು ಅವರೇ. ಹೆಚ್ಚು ಪ್ರತಿ ತರಿಸಿದವರೂ ಅವರೇ. ಚಿಮಿಣಿ ಎಣ್ಣೆ, ಬೆಂಕಿಪೆಟ್ಟಿಗೆ ಹಿಂದೆಂದೂ ಇಲ್ಲದ ಹಾಗೆ ಖರ್ಚಾಗುತ್ತಿತ್ತು. ನಂಬದೆಯೂ ಮಾರುತ್ತಾರಲ್ಲ ಎಂದು ನನಗೆ ಅವರ ಮೇಲೆ ಸಣ್ಣ ಅನುಮಾನ ಹುಟ್ಟಿತು.

ಜೂನ್ ಹತ್ತರಂದು ಅಪ್ಪ ಶಾಲೆಯಿಂದ ಬಂದು ಕಾಲು ತೊಳೆದವರು ಒಳಗೆ ಬರದೆ ಮೆಟ್ಟಿಲಲ್ಲಿಯೇ ಕೂತರು. ಮಳೆ ಹಿಡಿದು ಮೂರು ದಿನವಾಗಿತ್ತು.

"ವಾರಿಜ, ನೀನು ಶುಕ್ರವಾರ ಹೋಗುದು ಬೇಡ. ಆ ಎರಡು ದಿನ ಕಳೀಲಿ. ಏನೇ ಆದ್ರೂ ಎಲ್ಲರೂ ಒಟ್ಟಿಗೆ ಇರುವ. ಸೋಮವಾರ ಹೋಗು."

"ಕಾರ್ಡಿನಲ್ಲಿ ಹದಿನಾಲ್ಕು ಅಂತ ಉಂಟಲ್ಲ ಅಪ್ಪ?"

"ನಾನು ಅವರಿಗೆ ಕಾಗದ ಬರೆದಿದ್ದೇನೆ. ಇಂಥ ಸಮಯದಲ್ಲಿ ಮೂರು ದಿನ ತಡವಾದ್ರೆ ಯಾರೂ ಏನೂ ಹೇಳುದಿಲ್ಲ."

ಅಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಎಲೆ ಕತ್ತರಿ ಹಾಗೆಯೇ ಇತ್ತು. "ನೀವು ಕಲಿತವರು, ನನಗೆ ಗೊತ್ತಾಗುದಿಲ್ಲ. ಕಲ್ಲು ಬೀಳುದಾದ್ರೆ ಮಂಗಳೂರಿಗೂ ಬೀಳ್ತದೆ, ಪುಂಜಾಲಕಟ್ಟೆಗೂ ಬೀಳ್ತದೆ. ಬೀಳದಿದ್ರೆ ಇವಳ ಸೀಟು ಹೋಗ್ತದೆ. ಹುಡುಗಿ ಹೋಗ್ಲಿ."

"ಸಮುದ್ರ ಉಂಟಲ್ಲ ಮಂಗಳೂರಿನಲ್ಲಿ. ಪೇಪರಿನಲ್ಲಿ ಬಂದಿದೆ. ನಾನು ಸುಮ್ಮನೆ ಹೇಳ್ತೇನಾ?"

ಅಮ್ಮ ಕತ್ತರಿ ಹಿಡಿದುಕೊಂಡು ಒಳಗೆ ಹೋದಳು. ಕಪ್ಪು ಹಲಗೆಯ ಮುಂದೆ ನಿಂತು ಎಂಟು ಗ್ರಹಗಳಿಗೆ ಹೆದರದವರು ಈಗ ಹೆದರಿದ್ದಾರೆಂದರೆ ವಿಷಯ ನಿಜವೇ ಇರಬೇಕೆಂದು ನಾನು ಒಪ್ಪಿಕೊಂಡೆ. ಹೆದರಿಕೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಸೆವ್ರಿನ್ ಸತ್ತುಹೋಗುತ್ತಾಳಲ್ಲ ಎಂದು ಅವಳಿಗೊಂದು ಕಾರ್ಡು ಬರೆದು, ಹೋಗಬೇಡ ಎಂಬ ಮಾತಿಗೆ ಎರಡು ಸಲ ಅಡಿಗೆರೆ ಎಳೆದೆ.

ಶುಕ್ರವಾರ ಬೆಳಿಗ್ಗೆಯಿಂದ ಒಂದೇ ಸಮ ಮಳೆ. ಬಂಡೆ ಬಂದರೂ ಕಾಣದಷ್ಟು ಮೋಡ. ಶೇಖರ ಆಗ ಐದನೆಯ ಕ್ಲಾಸು. ಅವನು ಕೊಡೆ ಹಿಡಿದು ಅಂಗಳಕ್ಕೆ ಹೋಗಿ ಮೇಲೆ ನೋಡುವುದು, ಅಮ್ಮ ಬೈದು ಕರೆಯುವುದು. ಅಪ್ಪ ಶಾಲೆಗೆ ಹೋಗಿರಲಿಲ್ಲ. "ಲೋಕ ಮುಳುಗುದಾದ್ರೆ ಹೊಟ್ಟೆ ತುಂಬಿಸಿಕೊಂಡು ಮುಳುಗುವ" ಎಂದು ಅಮ್ಮ ತೇಗದ ಎಲೆಯಲ್ಲಿ ಹಲಸಿನ ಹಣ್ಣಿನ ಗಟ್ಟಿ ಎಂಬ ಕಡುಬು ಬೇಯಿಸಿದಳು. ಎಲೆಯ ಕೆಂಪು ಬಣ್ಣ ಹತ್ತಿದ ಗಟ್ಟಿಯನ್ನು ನಾವು ನಾಲ್ಕು ಜನ ಒಟ್ಟಿಗೆ ಕೂತು ತಿಂದೆವು. ಹತ್ತು ಗಂಟೆಯಾದಾಗ ನನಗೆ ತಿನ್ನಲು ಆಗಲಿಲ್ಲ. ಅಪ್ಪ ಮಾತ್ರ ಎಂದಿಗಿಂತ ಹೆಚ್ಚು ತಿಂದರು, ಶೇಖರನಿಗೆ ಒಗಟು ಕೇಳಿದರು. ಸಾಯುವುದಕ್ಕೆ ಕಾಯುತ್ತಿರುವವರು ಇಷ್ಟು ಗೆಲುವಾಗಿರುತ್ತಾರಾ ಎಂದು ನನಗೆ ಆಗಲೇ ಅನಿಸಬೇಕಿತ್ತು. ಅನಿಸಲಿಲ್ಲ.

ಶನಿವಾರವೂ ಕಳೆಯಿತು. ಭಾನುವಾರದ ಪೇಪರಿನ ಮುಖಪುಟದಲ್ಲಿ ಕಲ್ಲಿನ ಹೆಸರೇ ಇರಲಿಲ್ಲ. ಅಲ್ಲಿ ಇನ್ನೇನೋ ದೊಡ್ಡ ಅಕ್ಷರದಲ್ಲಿ ಬಂದಿತ್ತು.

ಸೋಮವಾರ ಅಪ್ಪನಿಗೆ ಶಾಲೆಯಿತ್ತು, ಅಮ್ಮ ನನ್ನ ಜೊತೆ ಬಂದಳು. ನೇತ್ರಾವತಿ ಕೆಂಪಾಗಿ ಹರಿಯುತ್ತಿತ್ತು. ಬಂಟ್ವಾಳದಲ್ಲಿ ಬಸ್ಸು ಹೊಳೆಯ ಬದಿಗೆ ಬಂದಾಗ ಅಮ್ಮ ಕೈ ಮುಗಿದಳು. ಆಸ್ಪತ್ರೆಯ ಮೇಟ್ರನ್ ಕಾರ್ಡನ್ನು ನೋಡಿದರು, ಪುಸ್ತಕ ನೋಡಿದರು.

"ನಿಮ್ಮ ಸೀಟು ಶನಿವಾರವೇ ಬೇರೆಯವರಿಗೆ ಕೊಟ್ಟಾಯ್ತಲ್ಲ."

"ಅಪ್ಪ ಕಾಗದ ಬರೆದಿದ್ದಾರೆ ಮೇಡಂ."

"ಕಾಗದ ಏನೂ ಬರ್ಲಿಲ್ಲ. ಏನಾಗಿತ್ತು ನಿಮಗೆ? ಜ್ವರವಾ?"

ಆಕಾಶದಿಂದ ಕಲ್ಲು ಬೀಳುತ್ತದೆಂದು ಮನೆಯಲ್ಲಿ ಕೂತಿದ್ದೆ ಎಂದು ಆ ಬಿಳಿ ಬಟ್ಟೆಯ ಮೇಟ್ರನ್ ಎದುರು ಹೇಳಲು ನನಗೆ ಬಾಯಿ ಬರಲಿಲ್ಲ. ಜ್ವರವೆಂದೆ. ಹೊರಗೆ ವರಾಂಡದಲ್ಲಿ ಸೆವ್ರಿನ್ ಸಿಕ್ಕಿದಳು. ಹೊಸ ಏಪ್ರನ್ ಹಾಕಿದ್ದಳು, ಕೈಯಲ್ಲಿ ನಾನು ಬರೆದ ಕಾರ್ಡಿತ್ತು. "ಕಲ್ಲು ನಮ್ಮ ಮೇಲೂ ಬೀಳ್ಲಿಲ್ಲ ಮಾರಾಯ್ತಿ. ನೀನು ಎಂತಕ್ಕೆ ಬರ್ಲಿಲ್ಲ?" ಎಂದು ಕೇಳಿ, ನನ್ನ ಮುಖ ನೋಡಿ, ಅವಳೇ ಅತ್ತಳು. ನಾನು ಅತ್ತದ್ದು ಹಿಂದಿರುಗುವ ಬಸ್ಸಿನಲ್ಲಿ, ಬಿ.ಸಿ. ರೋಡಿನವರೆಗೂ.

ಅಪ್ಪ ಅಂಚೆಯವರನ್ನು ಬೈದರು. "ಪೋಸ್ಟ್ ಮಾಸ್ಟರು ರಜೆ ಹಾಕಿ ಓಡಿದ ಮೇಲೆ ಕಾಗದ ಹೇಗೆ ಹೋಗ್ತದೆ?" ಎಂದರು. ಆದರೆ ನಾನು ಸೆವ್ರಿನ್‌ಗೆ ಬರೆದ ಕಾರ್ಡು ಮೂಡಬಿದ್ರೆಗೆ ಸರಿಯಾಗಿ ತಲುಪಿತ್ತಲ್ಲ. ಅದೇ ಡಬ್ಬಿ, ಅದೇ ವಾರ. ಮುಳ್ಳು ಚುಚ್ಚಿದ ಹಾಗೆ ಆ ಮಾತು ನನ್ನೊಳಗೆ ಉಳಿಯಿತು. ಅಪ್ಪನನ್ನು ಅನುಮಾನಿಸಲು ಮನಸ್ಸು ಬರಲಿಲ್ಲ, ಆದ್ದರಿಂದ ಬೇರೆಯವರನ್ನು ಹುಡುಕಿದೆ. ಮೊದಲು ಸಿಕ್ಕವರು ಹಸನಬ್ಬ ಬ್ಯಾರಿಗಳು. ಬೆಲ್ಲ ತರಲು ಹೋದವಳು ಜಗಲಿಯಲ್ಲಿಯೇ ನಿಂತು ಕೇಳಿದೆ.

"ನೀವು ಪೇಪರ್ ಮಾರ್ಲಿಕ್ಕೆ ಬೇಕಾಗಿ ಊರಿಗೆಲ್ಲ ಹೆದರಿಸಿದ್ದಾ?"

ಅವರು ಸಿಟ್ಟಾಗಲಿಲ್ಲ. ತಕ್ಕಡಿಯನ್ನು ಕೆಳಗಿಟ್ಟರು. "ಮಗಳೇ, ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಕಟ್ಟು ಬಂತು, ಜನ ಕೇಳಿದ್ರು, ಕೊಟ್ಟೆ. ಅದ್ರಲ್ಲಿ ಏನುಂಟು ಏನಿಲ್ಲ ಅಂತ ನಿನ್ನ ಅಪ್ಪ ಹೇಳಿದಷ್ಟೇ ನನಗೆ ಗೊತ್ತು. ಅವರು ಓದದ್ದು ನನಗೆ ಹೇಗೆ ಗೊತ್ತಾಗುದು?"

ನಾಚಿಕೆಯಾಗಿ ಮನೆಗೆ ಬಂದೆ. ಅವರು ಸುಮ್ಮನೆ ಆಡಿದ ಕೊನೆಯ ಮಾತು ದಾರಿಯುದ್ದಕ್ಕೂ ಜೊತೆಗೆ ಬಂತು.

ಜೂನ್ ಎಂದರೆ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕುವ ಕಾಲ. ಕಂದು ಕಾಗದ ನಮಗೆ ಎಲ್ಲಿಂದ ಬರಬೇಕು? ಅಂಗಡಿಯಲ್ಲಿ ಓದಿದ ಪೇಪರನ್ನು ಅಪ್ಪ ಮನೆಗೆ ತರುತ್ತಿದ್ದರು, ಅದನ್ನೇ ಹಾಕುವುದು. ಮುಂದಿನ ಭಾನುವಾರ ಮಧ್ಯಾಹ್ನ ಶೇಖರನ ಪುಸ್ತಕಗಳನ್ನು ಹರಡಿಕೊಂಡು, ಅಂಟಿಗೆ ಗಂಜಿಯ ತಿಳಿ ಇಟ್ಟುಕೊಂಡು ಕೂತಿದ್ದೆ. ಒಂದು ಹಾಳೆಯನ್ನು ಮಡಚುವಾಗ ಇಕಾರಸ್ ಎಂಬ ಹೆಸರು ಕಂಡಿತು. ಒಳಪುಟ. ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತಿನ ಕೆಳಗೆ, ನಾಲ್ಕೇ ಸಾಲು. ಬಂಡೆ ನಲವತ್ತು ಲಕ್ಷ ಮೈಲು ದೂರದಿಂದ ಹಾದುಹೋಗುತ್ತದೆ, ಚಂದ್ರ ಇರುವುದಕ್ಕಿಂತ ಹದಿನಾರು ಪಟ್ಟು ದೂರ, ಯಾವ ಅಪಾಯವೂ ಇಲ್ಲ ಎಂದು ಖಗೋಳ ತಜ್ಞರು ತಿಳಿಸಿದ್ದಾರೆ. ಪೇಪರಿನ ತಾರೀಕು ಜೂನ್ ಆರು. ನಾಲ್ಕು ಸಾಲುಗಳ ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಸರಿ ಗುರುತು ಇತ್ತು.

ಅಂದು ಜಗಲಿಯಲ್ಲಿ ನಾನೂ ನಿಂತಿದ್ದೆ. ಆ ನಾಲ್ಕು ಸಾಲನ್ನು ಅಪ್ಪ ಗಟ್ಟಿಯಾಗಿ ಓದಿರಲಿಲ್ಲ.

ಹಾಳೆ ಹಿಡಿದು ಹೋದೆ. ಅಪ್ಪ ಬಚ್ಚಲಿನ ಹತ್ತಿರ ಕೂತು ಕೊಡೆಯ ಕಡ್ಡಿಗೆ ಹೊಲಿಗೆ ಹಾಕುತ್ತಿದ್ದರು. ಅದನ್ನು ಅವರ ಮುಂದೆ ಹಿಡಿದೆ. ಅವರು ನೋಡಿದರು. ಕನ್ನಡಕ ತೆಗೆದರು, ಪಂಚೆಯಿಂದ ಒರೆಸಿದರು, ಮತ್ತೆ ಹಾಕಲಿಲ್ಲ.

"ಇದನ್ನು ಓದಿದ್ದಿರಾ?"

"ಓದಿದ್ದೆ."

"ಆಸ್ಪತ್ರೆಗೆ ಕಾಗದ?"

"ಬರೆಯಲಿಲ್ಲ."

ಬೈಯಬೇಕೆಂದರೆ ಅಪ್ಪನನ್ನು ಬೈಯುವ ಮಾತು ನನಗೆ ಯಾರೂ ಕಲಿಸಿರಲಿಲ್ಲ. "ಹೋಗಬೇಡ ಅಂತ ಹೇಳಿದ್ರೆ ನಾನು ಹೋಗ್ತಿದ್ದೆನಾ?" ಎಂದಷ್ಟೇ ಕೇಳಿದೆ.

"ಹಾಗೆ ಹೇಳ್ಲಿಕ್ಕೆ ನನಗೆ ಮುಖ ಇರ್ಲಿಲ್ಲ ಮಗಾ. ಊರಿಗೆಲ್ಲ ಹೆಣ್ಣುಮಕ್ಕಳನ್ನು ಕಳಿಸಿ ಅಂತ ಹೇಳಿದವ ನಾನು. ಕಾರ್ಡು ಬಂದ ದಿನದಿಂದ ನನಗೆ ನಿದ್ರೆ ಇರ್ಲಿಲ್ಲ. ಮೂರು ವರ್ಷ ನೀನು ಅಲ್ಲಿ, ಯಾರ್ಯಾರದೋ ರೋಗದ ನಡುವೆ. ಜನ ಬೇರೆ ಏನೇನೋ ಹೇಳ್ತಿದ್ರು, ನರ್ಸನ್ನು ಯಾರು ಮದುವೆ ಆಗ್ತಾರೆ ಅಂತ. ಆಗ ಈ ಕಲ್ಲು ಬಂತು." ಸೂಜಿಯನ್ನು ಕೊಡೆಯ ಬಟ್ಟೆಗೆ ಚುಚ್ಚಿ ಇಟ್ಟರು. "ಅಪಾಯ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ನನಗೆ ಬೇಕಾಗಿದ್ದದ್ದು ದೊಡ್ಡ ಅಕ್ಷರದ್ದು."

ನಾನು ಆ ಮಾತನ್ನು ಬಹಳ ವರ್ಷ ಕ್ಷಮಿಸಲಿಲ್ಲ. ಪೇಪರಿನವನು ಸುಳ್ಳು ಬರೆದಿರಲಿಲ್ಲ, ನಿಜವನ್ನು ಎಣ್ಣೆಯ ಜಾಹೀರಾತಿನ ಕೆಳಗೆ ಇಟ್ಟಿದ್ದ. ಅಪ್ಪನೂ ಸುಳ್ಳು ಓದಿರಲಿಲ್ಲ, ನಾಲ್ಕು ಸಾಲು ಬಿಟ್ಟಿದ್ದರು. ಹೆದರಿಕೆ ಯಾರಿಗೆ ಎಲ್ಲಿ ಬೇಕಾಗಿತ್ತೋ ಅಲ್ಲಿ ಅದನ್ನು ಇಟ್ಟುಕೊಂಡರು, ಮನೆಯಲ್ಲಿ ಕೂತವಳು ಮಾತ್ರ ನಾನು. ಅಪ್ಪ ಆ ಮೇಲೆ ಜಗಲಿಯಲ್ಲಿ ಪೇಪರ್ ಓದಲು ಕೂರಲಿಲ್ಲ. ಕಣ್ಣು ಸರಿಯಿಲ್ಲವೆಂದು ಊರಿನವರಿಗೆ ಹೇಳಿದರು.

ಮರುವರ್ಷ ಆ ಮೂರು ವರ್ಷದ ಕೋರ್ಸಿನಲ್ಲಿ ನನಗೆ ಜಾಗ ಸಿಗಲಿಲ್ಲ. ಸಿಕ್ಕಿದ್ದು ಹಳ್ಳಿಯ ಹೆರಿಗೆಗೆ ಹೋಗುವ ದಾದಿಯರ ಸಣ್ಣ ತರಬೇತಿ. ಸೆವ್ರಿನ್ ಮುಂದೆ ಕುವೈತಿನ ಆಸ್ಪತ್ರೆಯಲ್ಲಿ ವಾರ್ಡಿನ ಮುಖ್ಯಸ್ಥೆಯಾದಳು. ನಾನು ಬೆಳ್ತಂಗಡಿಯ ಗುಡ್ಡಗಳಲ್ಲಿ ಚೀಲ ಹಿಡಿದು ನಡೆದೆ. ನಡೆದದ್ದಕ್ಕೆ ಬೇಸರವಿಲ್ಲ, ಆದರೆ ಅದು ನಾನು ಆರಿಸಿದ ದಾರಿಯಲ್ಲ.

ಆ ತರಬೇತಿಗೆ ಸೇರುವ ದಿನ ನನ್ನನ್ನು ಬಿಡಲು ಬಂದವರು ಅಪ್ಪ. ಮಂಗಳೂರಿನವರೆಗೂ ಟ್ರಂಕನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಗೇಟಿನಲ್ಲಿ ಅದನ್ನು ನನ್ನ ಕೈಗೆ ಕೊಟ್ಟು, "ನಾನು ಹೊರಡ್ತೇನೆ. ಎರಡು ಗಂಟೆಯ ಬಸ್ಸು ತಪ್ಪಿದ್ರೆ ಕಷ್ಟ" ಎಂದು ತಿರುಗಿ ನೋಡದೆ ಹೋದರು. ಒಳಗೆ ಹೆಸರು ಬರೆಸಿ, ಮೇಲಿನ ಕೋಣೆಯಲ್ಲಿ ಮಂಚ ತೋರಿಸಿಕೊಂಡು, ಕಿಟಕಿಯಿಂದ ನೋಡಿದರೆ ಅಪ್ಪ ರಸ್ತೆಯ ಆಚೆ ಬದಿಯಲ್ಲಿ ಕೊಡೆ ಬಿಡಿಸಿ ನಿಂತಿದ್ದರು. ಮೂರು ಗಂಟೆಗೆ ನೋಡಿದೆ, ಇದ್ದರು. ನಾಲ್ಕಕ್ಕೂ ಇದ್ದರು. ಐದರ ಬೆಲ್ಲು ಹೊಡೆದು ನಮ್ಮನ್ನು ಕೆಳಗೆ ಕರೆಯುವವರೆಗೂ ಅಲ್ಲಿಂದ ಕದಲಲಿಲ್ಲ. ನಾನು ಕೂಗಿ ಕರೆಯಲಿಲ್ಲ.

ಮೊದಲ ಕಾಗದದಲ್ಲಿ, ಅಂದು ನಿಮಗೆ ಎರಡು ಗಂಟೆಯ ಬಸ್ಸು ಸಿಕ್ಕಿತಾ ಎಂದು ಕೇಳಿ ಬರೆದೆ. ವಾರದೊಳಗೆ ಅಪ್ಪನ ಗುಂಡಗಿನ ಅಕ್ಷರದಲ್ಲಿ ಉತ್ತರ ಬಂತು. ಸಿಕ್ಕಿತು, ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು ಎಂದು ಬರೆದಿದ್ದರು.